ನಾಣ್ಯಕ್ಕೂ ಅಪ್ರೈಸಲ್ಲು!

ಹೊಸದಾಗಿ ನಾಣ್ಯ ಸಂಗ್ರಹಕ್ಕೆ ಇಳಿದವರು ಈಗೀಗ ನನ್ನನ್ನು ಕೇಳುವ ಮೊದಲ ಪ್ರಶ್ನೆ "ಯಾವ ನಾಣ್ಯ ಕೂಡಿಸಲಿ?" ಅಂತಲ್ಲ. "ಯಾವ ಪುಸ್ತಕ ಓದಲಿ?" ಅಂತಂತೂ ಅಲ್ಲವೇ ಅಲ್ಲ. "ಪಿಸಿಜಿಎಸ್ಸಾ, ಎನ್‌ಜಿಸಿನಾ?" ಅಂತ! ಕೈಯಲ್ಲಿ ಇನ್ನೂ ಹತ್ತು ನಾಣ್ಯ ಇರೋದಿಲ್ಲ, ಅಷ್ಟರಲ್ಲಿ ಅವಕ್ಕೆ ಮಾರ್ಕ್ಸ್ ಹಾಕಿಸೋ ಅವಸರ.

ಗೊತ್ತಿಲ್ಲದವರಿಗೆ ಎರಡು ಮಾತು. ಇವೆರಡೂ ಅಮೆರಿಕದ ಕಂಪನಿಗಳು. ಪಿಸಿಜಿಎಸ್ ಅಂದರೆ ಪ್ರೊಫೆಷನಲ್ ಕಾಯಿನ್ ಗ್ರೇಡಿಂಗ್ ಸರ್ವಿಸ್, ಎನ್‌ಜಿಸಿ ಅಂದರೆ ನ್ಯೂಮಿಸ್ಮ್ಯಾಟಿಕ್ ಗ್ಯಾರಂಟಿ ಕಂಪನಿ. ನೀವು ದುಡ್ಡು ಕೊಟ್ಟು ನಾಣ್ಯ ಕಳಿಸಿದರೆ ಅವರು ಅದು ಅಸಲಿಯೋ ನಕಲಿಯೋ ನೋಡ್ತಾರೆ, ಎಷ್ಟು ಸವೆದಿದೆ, ಎಷ್ಟು ಹೊಳಪು ಉಳಿದಿದೆ ಅಂತ ನೋಡಿ 1ರಿಂದ 70ರೊಳಗೆ ಒಂದು ಅಂಕಿ ಕೊಡ್ತಾರೆ. ಆಮೇಲೆ ಅದನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ, ಮೇಲೆ ಬಾರ್‌ಕೋಡ್ ಅಂಟಿಸಿ ವಾಪಸ್ ಕಳಿಸ್ತಾರೆ. ಈ ಡಬ್ಬಿಗೆ ಸಂಗ್ರಾಹಕರ ಭಾಷೆಯಲ್ಲಿ ಸ್ಲ್ಯಾಬ್ ಅನ್ನುತ್ತಾರೆ. ಮನೆ ಕಟ್ಟುವಾಗ ಹಾಕ್ತೀವಲ್ಲ, ಅದೇ ಪದ. ಒಂದು ಸಲ ಹಾಕಿದ ಮೇಲೆ ಒಳಗಿರೋದನ್ನು ಯಾರೂ ನೋಡೋದಿಲ್ಲ ಅನ್ನುವ ವಿಷಯದಲ್ಲೂ ಹೋಲಿಕೆ ಸರಿಯಾಗಿಯೇ ಇದೆ.

ನಮ್ಮ ತಲೆಮಾರಿಗೆ ಇದು ಯಾಕೆ ಇಷ್ಟು ಹಿಡಿಸಿತು ಅಂತ ಹೇಳೋದಕ್ಕೆ ಮನಶ್ಶಾಸ್ತ್ರಜ್ಞ ಬೇಕಿಲ್ಲ. ವರ್ಷಕ್ಕೊಮ್ಮೆ ಅಪ್ರೈಸಲ್, ಸಾಲಕ್ಕೆ ಸಿಬಿಲ್ ಸ್ಕೋರ್, ಮಸಾಲೆ ದೋಸೆಗೆ 4.3 ಸ್ಟಾರ್. ಅಂಕಿ ಇಲ್ಲದ ವಸ್ತುವನ್ನು ಕಂಡರೆ ನಮಗೆ ಭಯ. ವೈಟ್‌ಫೀಲ್ಡಿನ ನನ್ನ ಗೆಳೆಯನೊಬ್ಬ ಹೊಸದಾಗಿ ತೊಗೊಂಡ ನಾಣ್ಯ ತೋರಿಸಿದ. "ಎಂಎಸ್ 65, ನೋಡು" ಅಂದ. ಯಾವ ಟಂಕಸಾಲೆಯದ್ದು ಅಂತ ಕೇಳಿದೆ. ಡಬ್ಬಿ ತಿರುಗಿಸಿ ಲೇಬಲ್ ಓದಿದ. ನಾಣ್ಯದ ಮೇಲೇ ಗುರುತು ಇದೆ, ಅದನ್ನು ನೋಡಬೇಕು ಅಂತ ಅವನಿಗೆ ಹೊಳೆಯಲೇ ಇಲ್ಲ. ಅವನ ಬಗ್ಗೆ ನನಗೆ ಸಿಟ್ಟಿಲ್ಲ. ಆ ಡಬ್ಬಿ ಅವನಿಂದ ಏನನ್ನು ಕಿತ್ತುಕೊಂಡಿತಲ್ಲ, ಅದರ ಬಗ್ಗೆ ಸಿಟ್ಟು.

ಈ 70 ಅನ್ನೋ ಸಂಖ್ಯೆ ಎಲ್ಲಿಂದ ಬಂತು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ನೂರಕ್ಕೆ ಯಾಕಿಲ್ಲ, ಹತ್ತಕ್ಕೆ ಯಾಕಿಲ್ಲ? 1949ರಲ್ಲಿ ವಿಲಿಯಂ ಶೆಲ್ಡನ್ ಅನ್ನುವ ಅಮೆರಿಕನ್, ತಮ್ಮ ದೇಶದ ಹಳೇ ತಾಮ್ರದ ಸೆಂಟುಗಳ ಬಗ್ಗೆ ಒಂದು ಪುಸ್ತಕ ಬರೆದ. 1793ರಿಂದ 1814ರವರೆಗಿನ ದೊಡ್ಡ ಸೆಂಟುಗಳು, ಅಷ್ಟೇ. ಪೂರ್ತಿ ಸವೆದು ಗುರುತು ಹಿಡಿಯೋದಷ್ಟೇ ಸಾಧ್ಯ ಅನ್ನುವ ನಾಣ್ಯದ ಬೆಲೆ 1 ಅಂತಿಟ್ಟುಕೊಂಡರೆ, ಅದೇ ಜಾತಿಯ ಅತ್ಯುತ್ತಮ ನಾಣ್ಯದ ಬೆಲೆ ಅದರ 70 ಪಟ್ಟು ಇರಬೇಕು ಅನ್ನೋದು ಅವನ ಲೆಕ್ಕ. ಅಂದರೆ ಇದು ಗುಣಮಟ್ಟದ ಅಳತೆಗೋಲೇ ಅಲ್ಲ, ಬೆಲೆ ಹೇಳುವ ಸೂತ್ರ. ಮಾರುಕಟ್ಟೆ ಕೆಲವೇ ವರ್ಷಗಳಲ್ಲಿ ಸೂತ್ರವನ್ನು ಮೂಲೆಗೆ ಎಸೆಯಿತು, ಅಂಕಿಯನ್ನು ಮಾತ್ರ ಇಟ್ಟುಕೊಂಡಿತು. ತಾಮ್ರದ ಸೆಂಟಿಗೆ ಮಾಡಿದ ಅಂಗಿಯನ್ನು ಇವತ್ತು ಜಗತ್ತಿನ ಎಲ್ಲ ನಾಣ್ಯಗಳಿಗೂ ತೊಡಿಸ್ತಾ ಇದ್ದೀವಿ.

ಈ ಶೆಲ್ಡನ್ ಮೂಲತಃ ಮನುಷ್ಯರ ಮೈಕಟ್ಟಿಗೆ ಅಂಕಿ ಕೊಟ್ಟು, ಅದರಿಂದ ಸ್ವಭಾವ ಹೇಳಲು ಹೊರಟ ಮನಶ್ಶಾಸ್ತ್ರಜ್ಞ. ಎಕ್ಟೊಮಾರ್ಫ್, ಎಂಡೊಮಾರ್ಫ್ ಅಂತ ಜಿಮ್‌ನಲ್ಲಿ ಟ್ರೇನರ್ ಹೇಳ್ತಾನಲ್ಲ, ಆ ಪದಗಳು ಇವನದ್ದೇ. ಇನ್ನೂ ಒಂದು ವಿಷಯ ಇದೆ. ಅವನು ಸತ್ತ ಎಷ್ಟೋ ವರ್ಷಗಳ ಮೇಲೆ ಗೊತ್ತಾಗಿದ್ದು, ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ಒಳ್ಳೊಳ್ಳೆ ಸೆಂಟುಗಳನ್ನು ಎತ್ತಿಕೊಂಡು, ಅವುಗಳ ಜಾಗದಲ್ಲಿ ತನ್ನ ಹತ್ತಿರವಿದ್ದ ಕಳಪೆಯವನ್ನು ಇಟ್ಟಿದ್ದ ಅಂತ. ವಿಷಯ ಕೋರ್ಟಿನವರೆಗೂ ಹೋಯಿತು. ನಾಣ್ಯಕ್ಕೆ ಮಾರ್ಕ್ಸ್ ಹಾಕೋದನ್ನು ಲೋಕಕ್ಕೆ ಕಲಿಸಿದವನು ಕಡಿಮೆ ಮಾರ್ಕ್ಸಿನ ನಾಣ್ಯ ಇಟ್ಟು ಹೆಚ್ಚು ಮಾರ್ಕ್ಸಿನದ್ದನ್ನು ಹೊತ್ತೊಯ್ದ. ಅವನ ಅಳತೆಗೋಲು ಇದರಿಂದ ಸುಳ್ಳಾಗೋದಿಲ್ಲ, ನಿಜ. ಆದರೆ ವೇದವಾಕ್ಯ ಅಂತ ನಂಬೋ ಮುಂಚೆ ಈ ಕತೆ ಗೊತ್ತಿರಲಿ.

ಆ ಕಂಪನಿಗಳು ಹುಟ್ಟಿದ್ದಕ್ಕೆ ನ್ಯಾಯವಾದ ಕಾರಣವೇ ಇತ್ತು. ಕೊಳ್ಳುವಾಗ ಡೀಲರ್ "ಇದು 63" ಅಂತಿದ್ದ, ಮುಂದಿನ ವರ್ಷ ಅದೇ ನಾಣ್ಯ ಮಾರಲು ಹೋದರೆ "60 ಆದರೆ ಹೆಚ್ಚು" ಅಂತಿದ್ದ. ಈ ಆಟಕ್ಕೆ ಬ್ರೇಕ್ ಹಾಕೋಕೆ 1986ರಲ್ಲಿ ಪಿಸಿಜಿಎಸ್ ಶುರುವಾಯಿತು, 1987ರಲ್ಲಿ ಎನ್‌ಜಿಸಿ. ಮೂರನೆಯವರೊಬ್ಬರು ನೋಡಿ, ಸೀಲ್ ಮಾಡಿ, ನಕಲಿ ಅಂತಾದರೆ ದುಡ್ಡು ಕೊಡ್ತೀವಿ ಅಂತ ಗ್ಯಾರಂಟಿ ಕೊಟ್ಟಿದ್ದು ದೊಡ್ಡ ಉಪಕಾರ. ಅದನ್ನು ನಾನು ಅಲ್ಲಗಳೆಯೋದಿಲ್ಲ. ಆದರೆ ಆಮೇಲಿನ ಕತೆ ಕೇಳಿ. ಸೀಲ್ ಆದ ಡಬ್ಬಿಯನ್ನು ನಾಣ್ಯ ನೋಡದೆಯೇ ಷೇರಿನ ಹಾಗೆ ಮಾರಬಹುದು ಅಂತ ವಾಲ್‌ಸ್ಟ್ರೀಟಿಗೆ ಅನ್ನಿಸಿತು. ದುಡ್ಡು ಹರಿದು ಬಂತು, ಬೆಲೆ ಏರಿತು, 1989ರ ನಂತರ ದಬಾರ್ ಅಂತ ಬಿತ್ತು. 1990ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಪಿಸಿಜಿಎಸ್ ಮೇಲೆ ದೂರು ಹೂಡಿತು. ನಿಮ್ಮ ಗ್ರೇಡಿಂಗ್ ಪೂರ್ತಿ ವಸ್ತುನಿಷ್ಠ, ಪ್ರತಿಸಲವೂ ಒಂದೇ ಥರ ಇರುತ್ತೆ ಅಂತ ಹೇಳಿಕೊಂಡಿದ್ದು ತಪ್ಪು ಅನ್ನೋದು ಆರೋಪ. ಅದು ರಾಜಿಯಲ್ಲಿ ಮುಗಿಯಿತು. ಗ್ರೇಡ್ ಅನ್ನೋದು ಅಭಿಪ್ರಾಯ ಅನ್ನುವ ಮಾತು ಅವತ್ತಿನಿಂದ ಇವತ್ತಿನವರೆಗೂ ಸಣ್ಣ ಅಕ್ಷರದಲ್ಲಿ ಇದ್ದೇ ಇದೆ. ನಾವು ಓದೋದು ದೊಡ್ಡ ಅಕ್ಷರ ಮಾತ್ರ.

ಅಭಿಪ್ರಾಯ ಅಂದಮೇಲೆ ಬದಲಾಗುತ್ತೆ. ಇದರ ಮೇಲೆಯೇ ಒಂದು ಕಸುಬು ಬೆಳೆದಿದೆ, ಅದಕ್ಕೆ ಕ್ರ್ಯಾಕ್‌ಔಟ್ ಅನ್ನುತ್ತಾರೆ. 64 ಬಂದ ನಾಣ್ಯದ ಡಬ್ಬಿ ಒಡೆದು ತೆಗೆದು, ಏನೂ ಗೊತ್ತಿಲ್ಲದವರ ಹಾಗೆ ಮತ್ತೆ ಕಳಿಸೋದು. ಈ ಸಲ 65 ಬರಬಹುದು. ಬರದಿದ್ದರೆ ಮತ್ತೆ ಒಡೆಯೋದು. ಪ್ರತಿಸಲವೂ ಫೀಸು ಕಟ್ಟಬೇಕು, ಆದರೆ ಕೆಲವು ನಾಣ್ಯಗಳಿಗೆ 64ಕ್ಕೂ 65ಕ್ಕೂ ಬೆಲೆಯಲ್ಲಿ ಎಷ್ಟು ಅಂತರ ಅಂದರೆ ಹತ್ತು ಸಲ ಕಳಿಸಿದರೂ ಲಾಭ. ಹಿಂಗೆ ಒಂದೇ ನಾಣ್ಯ ನಾಲ್ಕು ಸಲ ಹೋದರೆ ಅವರ ಪಟ್ಟಿಯಲ್ಲಿ ನಾಲ್ಕು ನಾಣ್ಯ ಅಂತ ದಾಖಲಾಗುವ ಸಾಧ್ಯತೆಯೂ ಇದೆ, ಯಾಕಂದರೆ ಒಡೆದ ಡಬ್ಬಿಯ ಲೇಬಲ್ಲನ್ನು ಎಲ್ಲರೂ ವಾಪಸ್ ಕಳಿಸೋದಿಲ್ಲ. "ಈ ಗ್ರೇಡಿನಲ್ಲಿ ಲೋಕದಲ್ಲಿ ಇರೋದೇ ಹನ್ನೆರಡು" ಅಂತ ಯಾರಾದರೂ ಪಾಪ್ಯುಲೇಷನ್ ರಿಪೋರ್ಟ್ ತೋರಿಸಿ ಹೆದರಿಸಿದರೆ ಇದು ನೆನಪಿರಲಿ.

ಮಜಾ ಏನಪ್ಪಾ ಅಂದರೆ, 2007ರಲ್ಲಿ ಎನ್‌ಜಿಸಿಯ ಸ್ಥಾಪಕರಲ್ಲೊಬ್ಬರಾದ ಜಾನ್ ಅಲ್ಬನೀಸ್ ಅವರೇ ಸಿಎಸಿ ಅಂತ ಇನ್ನೊಂದು ಕಂಪನಿ ಕಟ್ಟಿದರು. ಕೆಲಸ ಏನು? ಪಿಸಿಜಿಎಸ್, ಎನ್‌ಜಿಸಿ ಕೊಟ್ಟ ಗ್ರೇಡ್ ಸರಿ ಇದೆಯಾ ಅಂತ ನೋಡಿ, ಸರಿ ಇದ್ದರೆ ಡಬ್ಬಿ ಮೇಲೆ ಹಸಿರು ಸ್ಟಿಕರ್ ಅಂಟಿಸೋದು. ಗ್ರೇಡ್ ಕಡಿಮೆಯೇ ಆಯಿತು ಅನ್ನಿಸಿದರೆ ಚಿನ್ನದ ಬಣ್ಣದ ಸ್ಟಿಕರ್. ಗ್ರೇಡ್ ಮಾಡೋರಿಗೆ ಗ್ರೇಡ್! ಅಷ್ಟಕ್ಕೂ ಮುಗಿಯಲಿಲ್ಲ, 2023ರಲ್ಲಿ ಅವರೂ ತಮ್ಮದೇ ಡಬ್ಬಿ ಶುರು ಮಾಡಿದರು. ಮ್ಯಾನೇಜರ್ ಮೇಲೆ ಇನ್ನೊಬ್ಬ ಮ್ಯಾನೇಜರ್, ಅವನ ಕೆಲಸ ಕೆಳಗಿನ ಮ್ಯಾನೇಜರ್ ಕೊಟ್ಟ ರೇಟಿಂಗನ್ನು ಬೆಲ್ ಕರ್ವಿಗೆ ಹೊಂದಿಸೋದು. ಎಲ್ಲೋ ನೋಡಿದ ಹಾಗಿದೆಯಲ್ಲ?

2021ರಲ್ಲಿ ಪಿಸಿಜಿಎಸ್‌ನ ಮಾತೃ ಕಂಪನಿಯನ್ನು ಹೂಡಿಕೆದಾರರ ಗುಂಪೊಂದು ಕೊಂಡಿತು. ಅದೇ ವರ್ಷ ಎನ್‌ಜಿಸಿಯ ಮಾತೃ ಕಂಪನಿಯಲ್ಲಿ ಬ್ಲ್ಯಾಕ್‌ಸ್ಟೋನ್ ದೊಡ್ಡ ಪಾಲು ಕೊಂಡಿತು. ನಮ್ಮೂರಲ್ಲಿ ಟೆಕ್‌ಪಾರ್ಕುಗಳಲ್ಲಿ ದುಡ್ಡು ಹಾಕಿದೆಯಲ್ಲ, ಅದೇ ಬ್ಲ್ಯಾಕ್‌ಸ್ಟೋನ್. ಇದರಲ್ಲಿ ಪಾಪ ಏನೂ ಇಲ್ಲ. ಆದರೆ ಇಂಥ ಮಾಲೀಕರಿಗೆ ಬೇಕಾಗಿರೋದು ಹೆಚ್ಚು ಹೆಚ್ಚು ನಾಣ್ಯ ಡಬ್ಬಿಗೆ ಹೋಗೋದು. ನೀವು ಪುಸ್ತಕ ಓದಿ ನಾಣ್ಯ ಗುರುತಿಸೋದು ಕಲಿತರೆ ಅವರಿಗೆ ಮೂರು ಕಾಸಿನ ಲಾಭವಿಲ್ಲ. ಫೀಸಿನ ವ್ಯವಸ್ಥೆಯನ್ನೂ ಗಮನಿಸಿ: ನಾಣ್ಯದ ಬೆಲೆ ಹೆಚ್ಚಿದಷ್ಟೂ ಮೇಲಿನ ಸ್ಲ್ಯಾಬಿನ ಫೀಸು. (ಇಲ್ಲಿ ಸ್ಲ್ಯಾಬ್ ಅಂದರೆ ಇನ್‌ಕಮ್ ಟ್ಯಾಕ್ಸಿನದ್ದು.) ಗ್ಯಾರಂಟಿಯ ರಿಸ್ಕ್ ಅವರದ್ದು, ಹಾಗಾಗಿ ಹೆಚ್ಚು ಕೇಳ್ತಾರೆ, ಸರಿ. ನೋಡುವ ಕಣ್ಣು, ದೀಪ, ಭೂತಗನ್ನಡಿ ಮಾತ್ರ ಎರಡಕ್ಕೂ ಅವೇ.

ಇಲ್ಲಿಯವರೆಗೆ ಅಮೆರಿಕದ ನಾಣ್ಯದ ಕತೆಯಾಯಿತು. ಅಲ್ಲಿನವರು ಏನಾದರೂ ಮಾಡಿಕೊಳ್ಳಲಿ. ನನ್ನ ತಕರಾರು ಶುರುವಾಗೋದು ಇದನ್ನು ನಮ್ಮ ನಾಣ್ಯಗಳ ಮೇಲೆ ಹೇರಿದಾಗ.

ಟಿಪ್ಪುವಿನ ಒಂದು ಆನೆ ಪೈಸೆ ತೆಗೆದುಕೊಳ್ಳಿ. ಒಂದು ಕಡೆ ಆನೆ, ಇನ್ನೊಂದು ಕಡೆ ಟಂಕಸಾಲೆಯ ಹೆಸರು. ಕೈಯಲ್ಲಿ ಸುತ್ತಿಗೆಯಿಂದ ಹೊಡೆದದ್ದು. ಅಚ್ಚು ದೊಡ್ಡದು, ತಾಮ್ರದ ಬಿಲ್ಲೆ ಚಿಕ್ಕದು, ಹೀಗಾಗಿ ಎಷ್ಟೋ ನಾಣ್ಯಗಳಲ್ಲಿ ಊರಿನ ಹೆಸರು ಅರ್ಧ ಆಚೆ ಹೋಗಿರುತ್ತೆ. ವರ್ಷ? ಮೊದಮೊದಲು ಹಿಜರಿ, ಆಮೇಲೆ ಟಿಪ್ಪು ತಾನೇ ತಂದ ಮೌಲೂದಿ ಶಕೆ, ಅದರಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇಂಥ ನಾಣ್ಯದಲ್ಲಿ ಸಂಗ್ರಾಹಕ ಹುಡುಕೋದು ಏನು? ಪಟ್ಟಣದ್ದೋ ನಗರದ್ದೋ ಅಂತ ಓದಲು ಬರುತ್ತಾ, ವರ್ಷ ಪೂರ್ತಿ ಕೂತಿದೆಯಾ, ಆನೆಯ ಸೊಂಡಿಲು ಅಂಚಿನಾಚೆ ಹೋಗಿದೆಯಾ. ಸವೆತ ಕಡಿಮೆ ಇರುವ, ಆದರೆ ಊರೂ ವರ್ಷವೂ ಇಲ್ಲದ ನಾಣ್ಯಕ್ಕಿಂತ, ಸ್ವಲ್ಪ ಸವೆದರೂ ಎರಡೂ ಸ್ಪಷ್ಟ ಇರುವ ನಾಣ್ಯ ನನಗೆ ನೂರು ಪಟ್ಟು ಮೇಲು. 70ರ ಅಳತೆಗೋಲಿಗೆ ಈ ವ್ಯತ್ಯಾಸ ಸರಿಯಾಗಿ ಅರ್ಥವೇ ಆಗೋದಿಲ್ಲ. ಅದು ಯಂತ್ರದಲ್ಲಿ ಒಂದೇ ಸಮ ಬಂದ ನಾಣ್ಯಗಳಲ್ಲಿ ಸವೆತ ಅಳೆಯೋಕೆ ಸರಿ.

ಅಷ್ಟು ಹಳೇದರ ಬಗ್ಗೆ ಎನ್‌ಜಿಸಿಗೆ ಈ ಕಷ್ಟ ಗೊತ್ತಿದೆ. ಅದಕ್ಕೇ ಪ್ರಾಚೀನ ನಾಣ್ಯಗಳಿಗೆ ಅವರು ಬೇರೆ ವಿಭಾಗವನ್ನೇ ಇಟ್ಟಿದ್ದಾರೆ. ಅಲ್ಲಿ 70ರ ಅಂಕಿ ಇಲ್ಲ. ಅಚ್ಚು ಹೇಗೆ ಬಿದ್ದಿದೆ ಅಂತ ಐದಕ್ಕೆ ಇಷ್ಟು, ಮೈ ಹೇಗಿದೆ ಅಂತ ಐದಕ್ಕೆ ಇಷ್ಟು, ಬೇರೆ ಬೇರೆ. ಇದು ನಿಜಕ್ಕೂ ಒಳ್ಳೆಯ ಯೋಚನೆ. ಆದರೆ ಆ ವಿಭಾಗದ ನಿಯಮ ಓದಿದವರು ಎಷ್ಟು ಜನ? ನಮಗೆ ಅಸಲಿ ಅನ್ನಿಸಿದ್ದನ್ನು ಮಾತ್ರ ಗ್ರೇಡ್ ಮಾಡ್ತೀವಿ, ಆದರೆ ಅಸಲಿ ಅಂತ ಗ್ಯಾರಂಟಿ ಕೊಡೋದಿಲ್ಲ ಅಂತ ಅವರೇ ಹೇಳಿದ್ದಾರೆ. ಪ್ರಾಮಾಣಿಕ ಮಾತು, ಸಂತೋಷ. ಹಾಗಿದ್ದರೆ ಮೌರ್ಯರ ಕಾಲದ ಮುದ್ರಾಂಕಿತ ನಾಣ್ಯವನ್ನು ಡಬ್ಬಿಯಲ್ಲಿಟ್ಟು "ಸರ್ಟಿಫೈಡ್ ಸಾರ್, ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಅನ್ನುವ ವ್ಯಾಪಾರಿ ಯಾವ ಗ್ಯಾರಂಟಿ ಮಾರ್ತಾ ಇದ್ದಾನೆ?

ಇನ್ನು "ಡೀಟೇಲ್ಸ್" ಅನ್ನುವ ಶಿಕ್ಷೆ. ನಾಣ್ಯ ಅಸಲಿ, ಆದರೆ ಯಾರೋ ತೊಳೆದಿದ್ದಾರೆ, ಗೀಚಿದ್ದಾರೆ, ಕೊಂಡಿ ಹಾಕಿದ್ದಾರೆ ಅಂತಾದರೆ ಅಂಕಿ ಕೊಡೋದಿಲ್ಲ. ಕೊರತೆಯ ಹೆಸರು ಬರೆದು ಕಳಿಸ್ತಾರೆ. ಈಗ ನಮ್ಮ ಮನೆಗಳಲ್ಲಿ ಬೆಳ್ಳಿ ರೂಪಾಯಿಗಳು ಹೇಗಿದ್ದವು ನೆನಪು ಮಾಡಿಕೊಳ್ಳಿ. ಲಕ್ಷ್ಮೀ ಪೂಜೆಗೆ ವರ್ಷಕ್ಕೊಮ್ಮೆ ಹೊರಗೆ ಬರ್ತಿದ್ದವು, ಹುಣಸೆಹಣ್ಣಿನಲ್ಲಿ ಉಜ್ಜಿ ಫಳಫಳ ಮಾಡಿ, ಅರಿಶಿನ ಕುಂಕುಮ ಹಚ್ಚಿ, ಮತ್ತೆ ಗಂಟು. ಆ ಉಜ್ಜಾಟಕ್ಕೆ ಲೇಬಲ್ಲಿನಲ್ಲಿ ಬರೋ ಹೆಸರು "ಕ್ಲೀನ್ಡ್". ಅಜ್ಜಿಯ ಕಾಸಿನ ಸರದ ನಾಣ್ಯಕ್ಕೆ "ಮೌಂಟ್ ರಿಮೂವ್ಡ್". ಇದೆಲ್ಲಕ್ಕಿಂತ ನನಗೆ ನೋವಾಗೋದು ಶರಾಫರ ಗುರುತುಗಳ ವಿಷಯದಲ್ಲಿ. ಹಳೇ ರೂಪಾಯಿಗಳ ಮೇಲೆ ಚಿಕ್ಕ ಚಿಕ್ಕ ಚುಕ್ಕಿ, ಹೂವು, ನಕ್ಷತ್ರದಂಥ ಉಳಿ ಗುರುತು ಇರುತ್ತವಲ್ಲ, ಅವು ಶರಾಫರು ಬೆಳ್ಳಿ ಪರೀಕ್ಷೆ ಮಾಡಿ, ಇದು ಸರಿ ಇದೆ ಅಂತ ಒತ್ತಿದ ಮುದ್ರೆ. ಕನ್ನಡದಲ್ಲಿ ಈ ಕಸುಬಿನವನಿಗೆ ನೋಟಗಾರ ಅಂತ ಸೊಗಸಾದ ಪದವೇ ಇದೆ. ನೋಟಗಾರ ಒಮ್ಮೆ ನೋಡಿ, ತೂಗಿ, ಠಣ್ ಅನ್ನಿಸಿ, ಇದಕ್ಕೆ ಇಷ್ಟು ವಟ್ಟ ಅಂತ ಹೇಳ್ತಿದ್ದ. ಅಂದರೆ ನಮ್ಮಲ್ಲಿ ಗ್ರೇಡಿಂಗ್ ಸರ್ವಿಸ್ ಯಾವಾಗಲೋ ಇತ್ತು. ಆ ಗ್ರೇಡರ್ ಹಾಕಿದ ಸಹಿಯನ್ನು ಈಗಿನ ಗ್ರೇಡರ್ ನಾಣ್ಯಕ್ಕಾದ ಗಾಯ ಅಂತ ಲೆಕ್ಕ ಹಾಕಿ ಬೆಲೆ ಇಳಿಸ್ತಾನೆ.

ಅಷ್ಟೇ ಅಲ್ಲ, ಡಬ್ಬಿಯೊಳಗಿನ ನಾಣ್ಯವನ್ನು ನೀವು ತೂಗೋ ಹಾಗಿಲ್ಲ. ಬ್ರಿಟಿಷರ ಬೆಳ್ಳಿ ರೂಪಾಯಿ 11.66 ಗ್ರಾಂ, ಸರಿಯಾಗಿ ಒಂದು ತೊಲ. ನಮ್ಮ ಹಿರಿಯರು ರೂಪಾಯಿ ತೂಕ ಅಂತಲೇ ಅಳೆಯುತ್ತಿದ್ದರು. ಒಂದು ಡಿಜಿಟಲ್ ತಕ್ಕಡಿ ಇದ್ದರೆ ನಕಲಿಗಳಲ್ಲಿ ಎಷ್ಟೋ ಪಾಲು ಮನೆಯಲ್ಲೇ ಸಿಕ್ಕಿಬೀಳುತ್ತವೆ. ಅಂಚಿನ ಗೀರುಗಳನ್ನು ಉಗುರಿನಲ್ಲಿ ಸವರಿ ನೋಡಿದರೆ ಅಚ್ಚಿಗೆ ಎರಕ ಹೊಯ್ದ ನಾಣ್ಯದ ಬೆಸುಗೆ ಗೆರೆ ಗೊತ್ತಾಗುತ್ತೆ. ಇವನ್ನೆಲ್ಲ ಕಲಿಯೋದೇ ಈ ಹುಚ್ಚಿನ ಸುಖ. ಕಂಠೀರವ ನರಸರಾಜ ಒಡೆಯರ ಚಿನ್ನದ ಹಣ ನೋಡಿದ್ದೀರಾ? ಬೇಳೆಕಾಳಿನಷ್ಟು ಚಿಕ್ಕದು, ಅರ್ಧ ಗ್ರಾಂ ಕೂಡ ಇಲ್ಲ. ಬೆರಳ ತುದಿಯಲ್ಲಿಟ್ಟು ದೀಪಕ್ಕೆ ಓರೆ ಮಾಡಿದರೆ ಒಳಗಿನಿಂದ ನರಸಿಂಹ ಮೆಲ್ಲಗೆ ಮೂಡ್ತಾನೆ. ಅಂಗೈ ಅಗಲದ ಪ್ಲಾಸ್ಟಿಕ್ಕಿನ ನಡುವೆ ಅದನ್ನು ಕೂರಿಸಿದರೆ ಮೂಡೋದು ಬಾರ್‌ಕೋಡ್.

ಈಗ ಬಹುಮುಖ್ಯ ವಿಷಯಕ್ಕೆ ಬರ್ತೀನಿ. ಇದನ್ನು ಮಾತ್ರ ತಮಾಷೆ ಬಿಟ್ಟು ಓದಿ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆ ಅಂತ ಒಂದಿದೆ, 1976ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾತನ ವಸ್ತು. ಪುರಾತನ ವಸ್ತುವನ್ನು ದೇಶದಿಂದ ಹೊರಗೆ ಕಳಿಸುವ ಅಧಿಕಾರ ಇರೋದು ಕೇಂದ್ರ ಸರ್ಕಾರಕ್ಕೆ, ಇಲ್ಲವೇ ಅದು ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ. ಉಳಿದವರು ಕಳಿಸಿದರೆ ಕನಿಷ್ಠ ಆರು ತಿಂಗಳು, ಹೆಚ್ಚೆಂದರೆ ಮೂರು ವರ್ಷ ಜೈಲು, ಜೊತೆಗೆ ದಂಡ. "ಮಾರೋಕಲ್ಲ ಸಾರ್, ಗ್ರೇಡ್ ಮಾಡಿಸಿ ವಾಪಸ್ ತರಿಸ್ಕೊಳ್ಳೋಕೆ" ಅನ್ನುವ ಸಮಜಾಯಿಷಿಗೆ ನಿಮ್ಮ ನನ್ನಂಥವರ ಪಾಲಿಗೆ ಅದರಲ್ಲಿ ಜಾಗ ಇಲ್ಲ. ವಿಕ್ಟೋರಿಯಾ ರಾಣಿಯ ರೂಪಾಯಿ, ಎಡ್ವರ್ಡನ ರೂಪಾಯಿ, ಐದನೇ ಜಾರ್ಜನವುಗಳಲ್ಲಿ ಬಹುಪಾಲು, ಮೈಸೂರಿನ ಮುಮ್ಮಡಿ ಕೃಷ್ಣರಾಜರ ಆನೆ ಕಾಸು, ಟಿಪ್ಪು, ವಿಜಯನಗರ, ಎಲ್ಲವೂ ಈ ಗೆರೆಯ ಒಳಗೆ. ಈ ಗೆರೆ ನಿಂತಲ್ಲಿ ನಿಲ್ಲೋದೂ ಇಲ್ಲ, ಪ್ರತಿ ಹೊಸ ವರ್ಷಕ್ಕೆ ಇನ್ನೊಂದು ವರ್ಷದ ನಾಣ್ಯಗಳು ಒಳಗೆ ಸೇರ್ತವೆ.

ಇಷ್ಟಿದ್ದೂ ನಾಣ್ಯ ಮೇಳಗಳಲ್ಲಿ "ಕೊಡಿ, ನಾವು ಕಳಿಸ್ತೀವಿ" ಅನ್ನುವವರು ಸಿಗ್ತಾರೆ. ಹೆಸರು ಬೇಡ. ಒಬ್ಬರು ನನ್ನೆದುರಿಗೇ ಒಬ್ಬ ಹುಡುಗನಿಗೆ "ಸ್ನೇಹಿತರು ಅಮೆರಿಕಕ್ಕೆ ಹೋಗ್ತಾ ಇರ್ತಾರೆ, ಪರ್ಸಿನಲ್ಲಿ ಹಾಕ್ಕೊಂಡು ಹೋದರೆ ಯಾರು ಕೇಳ್ತಾರೆ" ಅಂದರು. ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವರು ಕೇಳಿದ ದಿನ ಉತ್ತರ ಹೇಳಬೇಕಾಗಿರೋದು ಆ ಪರ್ಸಿನ ಒಡೆಯ, ಈ ಮಹಾನುಭಾವ ಅಲ್ಲ. ಎಚ್‌1ಬಿ ವೀಸಾ ಇಟ್ಟುಕೊಂಡವನು ಯಾವುದೋ ತಾಮ್ರದ ಕಾಸಿಗೆ 58 ಬರುತ್ತೋ 60 ಬರುತ್ತೋ ಅಂತ ಇಂಥ ಕೇಸು ಮೈಮೇಲೆ ಹಾಕಿಕೊಳ್ಳೋದಾ? ನೂರು ವರ್ಷ ಆಗಿಲ್ಲ ಅಂತ ಖಾತ್ರಿ ಬೇಕಾದರೆ ಪುರಾತತ್ವ ಇಲಾಖೆಯಿಂದ ಪುರಾತನ ವಸ್ತು ಅಲ್ಲ ಅಂತ ಪ್ರಮಾಣಪತ್ರ ಪಡೆಯುವ ದಾರಿ ಇದೆ. ಅದು ನಿಧಾನದ ದಾರಿ, ಆದರೂ ದಾರಿ ಅದೇ.

ಹಾಗಾದರೆ ಗ್ರೇಡಿಂಗೇ ಬೇಡವಾ ಅಂತ ಕೇಳ್ತೀರಿ. ಬೇಕು, ಕೆಲವಕ್ಕೆ. 1939ರ ಆರನೇ ಜಾರ್ಜನ ರೂಪಾಯಿ ಒಳ್ಳೆ ಉದಾಹರಣೆ. ಹಳೇ ಮಟ್ಟದ ಶುದ್ಧ ಬೆಳ್ಳಿಯ ರೂಪಾಯಿಗಳಲ್ಲಿ ಕೊನೆಯದು, 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. 39ರದ್ದು ಬಹಳ ಅಪರೂಪ, ಬೆಲೆ ಲಕ್ಷಗಳಲ್ಲಿ. ಸಹಜವಾಗಿ ನಕಲಿಗಳು ದಂಡಿಯಾಗಿವೆ, 1938ರ ಎಂಟನ್ನು ತಿದ್ದಿ ಒಂಬತ್ತು ಮಾಡುವ ಕೈಗಳಿಗೆ ಬರವಿಲ್ಲ. ಅದಕ್ಕೆ ನೂರು ತುಂಬಲು 2039 ಬರಬೇಕು. ಇಂಥದ್ದನ್ನು ಕೊಳ್ಳೋದಾದರೆ ಡಬ್ಬಿಯಲ್ಲಿರೋದನ್ನೇ ಕೊಳ್ಳಿ, ಅದಕ್ಕೆ ಹೆಚ್ಚು ಕೊಟ್ಟರೂ ನಷ್ಟ ಇಲ್ಲ. ಗಮನಿಸಿ, ಇಲ್ಲಿ ನಾವು ದುಡ್ಡು ಕೊಡ್ತಾ ಇರೋದು ಅಸಲಿ ಅನ್ನುವ ಮಾತಿಗೆ. 62 ಅಂತ ಬರೆದಿದ್ದರೂ 64 ಅಂತ ಬರೆದಿದ್ದರೂ ನನಗೆ ಒಂದೇ.

ಮುಂಬಯಿ, ಕಲ್ಕತ್ತಾ ಟಂಕಸಾಲೆಗಳ ಮರುಮುದ್ರಣಗಳ ವಿಷಯದಲ್ಲೂ ಅಷ್ಟೇ. ಹಳೇ ಅಚ್ಚುಗಳನ್ನಿಟ್ಟು ಎಷ್ಟೋ ವರ್ಷ ಆದಮೇಲೆ ಸಂಗ್ರಾಹಕರಿಗಾಗಿ ಹೊಡೆದ ಈ ನಾಣ್ಯಗಳು ಮೂಲದಷ್ಟೇ ಚಂದ, ಕೆಲವು ಮೂಲಕ್ಕಿಂತ ಚಂದ. ಬೆಲೆಯಲ್ಲಿ ಮಾತ್ರ ಭಾರೀ ಅಂತರ. ಲೇಬಲ್ಲಿನಲ್ಲಿ "ರೀಸ್ಟ್ರೈಕ್" ಅಂತ ಒಂದು ಪದ ಇದ್ದರೆ ಎಷ್ಟು ಜಗಳ ತಪ್ಪುತ್ತೆ!

ಎರಡರಲ್ಲಿ ಯಾವುದು ಅಂತ ಹೇಳದೇ ಬಿಟ್ಟರೆ ಜಾರಿಕೊಂಡ ಅಂತೀರಿ, ಹೇಳ್ತೀನಿ. ನ್ಯೂಜೆರ್ಸಿಯಲ್ಲೋ ಡಲ್ಲಾಸಿನಲ್ಲೋ ಕೂತು ಅಮೆರಿಕದ ನಾಣ್ಯ ಕೂಡಿಸುವ ಕನ್ನಡಿಗರಾದರೆ ಪಿಸಿಜಿಎಸ್ ನೋಡಿ, ಅಲ್ಲಿನ ಮಾರುಕಟ್ಟೆ ಅದಕ್ಕೆ ಹೆಚ್ಚು ಬೆಲೆ ಕೊಡುತ್ತೆ. ಭಾರತದ, ಬ್ರಿಟಿಷ್ ಇಂಡಿಯಾದ ನಾಣ್ಯಗಳಿಗೆ, ಅದೂ ಆಗಲೇ ಡಬ್ಬಿಯಲ್ಲಿದ್ದು ಇಲ್ಲಿ ಮಾರಾಟಕ್ಕೆ ಬಂದಿದ್ದರೆ, ಎರಡರಲ್ಲಿ ಯಾವುದಾದರೂ ಸರಿ. ಅಸಲಿತನಕ್ಕೆ ಎರಡೂ ಗ್ಯಾರಂಟಿ ಕೊಡುತ್ತವೆ. ನನ್ನ ಒಲವು ಒಂದು ಗುಲಗಂಜಿಯಷ್ಟು ಎನ್‌ಜಿಸಿ ಕಡೆ, ಪ್ರಾಚೀನ ನಾಣ್ಯಕ್ಕೆ ಬೇರೆ ಅಳತೆ ಬೇಕು ಅಂತ ಒಪ್ಪಿಕೊಂಡ ವಿನಯಕ್ಕಾಗಿ. ಈ ಎರಡರ ಹೆಸರನ್ನೇ ಹೋಲುವ ಮೂರಕ್ಷರದ, ನಾಲ್ಕಕ್ಷರದ ಯಾವುದೋ ಡಬ್ಬಿ ಬಂದರೆ ಮಾತ್ರ ಕೇಳಿ: ನಕಲಿ ಅಂತ ಗೊತ್ತಾದರೆ ದುಡ್ಡು ಯಾರು ಕೊಡ್ತಾರೆ, ಲಿಖಿತವಾಗಿ ಎಲ್ಲಿದೆ, ಗ್ರೇಡ್ ಮಾಡೋರೇ ನಾಣ್ಯ ವ್ಯಾಪಾರ ಮಾಡ್ತಾರಾ? ಕೊನೇ ಪ್ರಶ್ನೆಗೆ ಹೌದು ಅಂತ ಬಂದರೆ ಆ ಡಬ್ಬಿ ಡಬ್ಬಿಯೇ. ದೊಡ್ಡ ಕಂಪನಿಗಳ ಹೆಸರಿನ ನಕಲಿ ಡಬ್ಬಿಗಳೂ ಇವೆ, ಒಳಗೆ ನಕಲಿ ನಾಣ್ಯ, ಹೊರಗೆ ನಕಲಿ ಲೇಬಲ್, ಅಸಲಿ ನಾಣ್ಯದ ನಂಬರ್. ನಂಬರ್ ಹಾಕಿ ನೋಡಿದರೆ ಸಾಲದು, ಅಲ್ಲಿರುವ ಫೋಟೋ ಜೊತೆ ಗೀರು ಗೀರೂ ಹೋಲಿಸಿ ನೋಡಬೇಕು.

ಒಂದು ವರ್ಗದವರಿಗೆ ಮಾತ್ರ ನನ್ನ ಹತ್ತಿರ ಸಹನೆ ಇಲ್ಲ. ಟಂಕಸಾಲೆಯಿಂದ ನೇರ ಬಂದ ಸ್ಮರಣಾರ್ಥ ನಾಣ್ಯಗಳನ್ನು ಅಮೆರಿಕಕ್ಕೆ ಅಟ್ಟುವವರು. ತಂಜಾವೂರು ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ಅಂತ 2010ರ ಇಸವಿ ಹಾಕಿ ತಂದ ಸಾವಿರ ರೂಪಾಯಿಯ ನಾಣ್ಯ ನೆನಪಿದೆಯಾ? 35 ಗ್ರಾಂ, ನೂರಕ್ಕೆ 80 ಭಾಗ ಬೆಳ್ಳಿ. ಅದು ಯಾರ ಕೈಯಲ್ಲೂ ಓಡಾಡಿದ್ದಲ್ಲ, ಒಂದು ತರಕಾರಿ ಕೊಂಡಿದ್ದಿಲ್ಲ. ಇಂಥ ಚೆಂದದ, ಪೆಟ್ಟಿಗೆಯಲ್ಲಿ ಬಂದ ನಾಣ್ಯಗಳನ್ನು ತೆಗೆದು, ಇನ್ನೊಂದು ಪೆಟ್ಟಿಗೆಗೆ ಹಾಕಿಸಲು ಸಾವಿರಾರು ಕಿಲೋಮೀಟರ್ ಕಳಿಸಿ, 69 ಬಂದರೆ ಅಳೋದು, 70 ಬಂದರೆ ಎರಡರಷ್ಟು ಬೆಲೆ ಹೇಳೋದು. ಈ ಒಂದು ಅಂಕದ ವ್ಯತ್ಯಾಸವನ್ನು ಲೇಬಲ್ ಮುಚ್ಚಿ ತೋರಿಸಿದರೆ ಹೇಳಬಲ್ಲಿರಾ? ಹೇಳಬಲ್ಲವರು ಇದ್ದಾರೆ, ಆದರೆ ಅಂಥವರಿಗೆ ಲೇಬಲ್ ಬೇಕಾಗೇ ಇಲ್ಲ.

ಡಬ್ಬಿಯ ಪರವಾಗಿ ನಾನು ಪೂರ್ತಿ ಒಪ್ಪುವ ಒಂದೇ ವಾದ ಉಳಿದಿದೆ. ಸಂಗ್ರಾಹಕ ಕಣ್ಣು ಮುಚ್ಚಿದ ಮೇಲೆ ಹೆಂಡತಿ ಮಕ್ಕಳಿಗೆ ಯಾವುದು ಐದು ನೂರಿನದ್ದು, ಯಾವುದು ಐದು ಲಕ್ಷದ್ದು ಅಂತ ಗೊತ್ತಿರೋದಿಲ್ಲ. ಒಂದು ದೊಡ್ಡ ಸಂಗ್ರಹವನ್ನು ಹೀಗೆ ಬೆಳ್ಳಿಯ ತೂಕಕ್ಕೆ ಹಾಕಿದ್ದನ್ನು ಅವೆನ್ಯೂ ರೋಡಿನ ಹತ್ತಿರ ಕಣ್ಣಾರೆ ಕಂಡಿದ್ದೇನೆ. ಮೈಸೂರಿನ ತಾಮ್ರದ ಕಾಸುಗಳನ್ನಂತೂ ಕಿಲೋ ಲೆಕ್ಕದಲ್ಲಿ ಒಂದು ಚೀಲಕ್ಕೆ ಸುರಿದುಕೊಂಡರು. ಲೇಬಲ್ ಇದ್ದಿದ್ದರೆ ಹೀಗಾಗ್ತಿರಲಿಲ್ಲ. ಆದರೆ ಅದಕ್ಕೆ ಫ್ಲಾರಿಡಾವರೆಗೆ ಯಾಕೆ ಹೋಗಬೇಕು? ಪಿವಿಸಿ ಇಲ್ಲದ ಪುಟ್ಟ ಕವರು ತನ್ನಿ, ಮೆತ್ತಗಿನ ಪಿವಿಸಿ ಆಲ್ಬಮ್ಮಿನಲ್ಲಿಟ್ಟರೆ ನಾಲ್ಕು ಮಳೆಗಾಲದಲ್ಲಿ ಹಸಿರು ಅಂಟು ಹತ್ತುತ್ತೆ. ಜೊತೆಗೊಂದು ಚೀಟಿ. ಟಿಪ್ಪು, ಹೈದರ್ ನಾಣ್ಯವಾದರೆ 1921ರ ಹೆಂಡರ್ಸನ್ ಪುಸ್ತಕದ ನಂಬರ್, ಕರ್ನಾಟಕದ ಬೇರೆಯದಾದರೆ ಎ. ವಿ. ನರಸಿಂಹಮೂರ್ತಿಯವರ ಪುಸ್ತಕದ ಪುಟ. ತೂಕ, ಎಲ್ಲಿ ಕೊಂಡದ್ದು, ಯಾವ ದಿನ, ಎಷ್ಟು ಕೊಟ್ಟದ್ದು. ನೂರು ವರ್ಷ ದಾಟಿದ್ದರೆ ಅದನ್ನೂ ಬರೆಯಿರಿ, ಮಗಳು ಅದನ್ನು ಬೋಸ್ಟನ್ನಿಗೆ ಒಯ್ಯಲು ಹೊರಟಾಗ ಕೆಲಸಕ್ಕೆ ಬರುತ್ತೆ. ಬಿಲ್ಲು ಇದ್ದರೆ ಚೀಟಿಯ ಹಿಂದೆ ಮಡಿಸಿ ಸೇರಿಸಿ. ನನ್ನ ಹತ್ತಿರದ ಕವರುಗಳಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ಪೆನ್ಸಿಲ್ಲಿನಲ್ಲಿ, ಶಾಯಿ ಹರಡಬಾರದು ಅಂತ.